ಮೂರು ರಸ್ತೆಗಳ ರಾಜಧಾನಿ



ಊರಿನಿಂದ ನೆಂಟರು ಬಂದರೆ ಬೆಂಗಳೂರಿನವರು ತೋರಿಸುವ ಜಾಗಗಳ ಪಟ್ಟಿ ಎಷ್ಟೋ ಕಾಲದಿಂದ ಒಂದೇ. ವಿಧಾನಸೌಧದ ಮುಂದೆ ಒಂದು ಫೋಟೊ, ಕಬ್ಬನ್ ಪಾರ್ಕಿನಲ್ಲಿ ಒಂದು ಸುತ್ತು, ಲಾಲ್‌ಬಾಗಿನ ಗಾಜಿನ ಮನೆ, ಎಂ.ಜಿ. ರಸ್ತೆ, ಹೊತ್ತು ಉಳಿದರೆ ಒಂದು ಮಾಲ್. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅರ್ಧ ದಿನ ಸಿಗ್ನಲ್ಲುಗಳಲ್ಲೇ ಕಳೆದುಹೋಗುತ್ತದೆ. ಸಂಜೆ ಮನೆಗೆ ಬಂದು ಕಾಲು ಚಾಚಿ ಕೂತ ನೆಂಟರು, "ನಿಮ್ಮೂರು ಬೋ ದೊಡ್ಡದು ಕಣಪ್ಪ, ತಲೆಬುಡ ಗೊತ್ತಾಗಲ್ಲ" ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. 2011ರ ಜನಗಣತಿಯಲ್ಲೇ ಪಾಲಿಕೆಯ ವ್ಯಾಪ್ತಿಯಲ್ಲಿ 84 ಲಕ್ಷ ಜನರಿದ್ದರು. ಭೂತಾನಿನ ಥಿಂಪುವಿನಂಥ ಪುಟ್ಟ ರಾಜಧಾನಿಗೆ ಹೋದವರು ನಡೆದೇ ಊರನ್ನು ಸುತ್ತಿ ಬರಬಹುದು. ಬೆಂಗಳೂರಿಗೆ ಬಂದವರಿಗೆ ಆ ಸುಖ ಇಲ್ಲ.

ಆದರೂ ಈ ಬೃಹತ್ ಊರಿನ ಒಳಗೇ ಒಂದು ಅಚ್ಚುಕಟ್ಟಾದ ರಾಜಧಾನಿ ಇದೆ ಎಂದು ನಾನು ಹೇಳುತ್ತೇನೆ. ಅದು ಊರಿನ ಪಶ್ಚಿಮ ಭಾಗ: ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಜ್ಞಾನಭಾರತಿ, ಕೆಂಗೇರಿ. ನವರಂಗ್ ಸರ್ಕಲ್ಲಿನಿಂದ ಕೆಂಗೇರಿಗೆ ನೇರ ಗೆರೆ ಎಳೆದರೆ ಹದಿನೈದು ಕಿಲೋಮೀಟರ್ ಕೂಡ ಆಗುವುದಿಲ್ಲ. ಬಹುಪಾಲು ದಾರಿಗೆ ಮೆಟ್ರೊ ಇದೆ. 2025ರಲ್ಲಿ ಬೆಂಗಳೂರನ್ನು ಐದು ನಗರ ಪಾಲಿಕೆಗಳಾಗಿ ಹಂಚಿದಾಗ ಪಶ್ಚಿಮಕ್ಕೆ ಪ್ರತ್ಯೇಕ ಪಾಲಿಕೆಯೂ ಬಂತು. ಪ್ರವಾಸಿ ಕೈಪಿಡಿಗಳಲ್ಲಿ ಈ ಭಾಗಕ್ಕೆ ಹೆಚ್ಚು ಪುಟಗಳಿಲ್ಲ. ಹೆಚ್ಚೆಂದರೆ ಇಸ್ಕಾನ್ ದೇವಸ್ಥಾನದ ಒಂದು ಚಿತ್ರ ಇರುತ್ತದೆ.

ಪಶ್ಚಿಮವೇ ಯಾಕೆ? ಕಾರಣ ಮೂರು ರಸ್ತೆಗಳು. ತುಮಕೂರು ರಸ್ತೆ, ಮಾಗಡಿ ರಸ್ತೆ, ಮೈಸೂರು ರಸ್ತೆ. ಕರ್ನಾಟಕದ ಬಹುಭಾಗ ತನ್ನ ರಾಜಧಾನಿಗೆ ಬಂದದ್ದು, ಈಗಲೂ ಬರುತ್ತಿರುವುದು ಈ ಮೂರು ದಾರಿಗಳಲ್ಲಿ. ಶಿವಮೊಗ್ಗ, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿಯವರು ತುಮಕೂರು ರಸ್ತೆಯಲ್ಲಿ ಇಳಿಯುತ್ತಾರೆ. ಮಂಡ್ಯ, ಮೈಸೂರು, ಚಾಮರಾಜನಗರದವರು ಮೈಸೂರು ರಸ್ತೆಯಲ್ಲಿ ಬರುತ್ತಾರೆ. ಮಾಗಡಿ ರಸ್ತೆಯ ಕಥೆ ಇನ್ನೂ ಹಳೆಯದು. ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದರು. 1638ರಲ್ಲಿ ಬಿಜಾಪುರದ ಸೇನೆ ಊರನ್ನು ವಶಪಡಿಸಿಕೊಂಡ ಮೇಲೆ ಅವರ ವಂಶದವರು ಮಾಗಡಿಯಲ್ಲಿ ನೆಲೆ ನಿಂತರು. ಅಂದರೆ ಬೆಂಗಳೂರಿಗೂ ಮಾಗಡಿಗೂ ನಡುವಿನ ಸಂಬಂಧ ಇಲ್ಲಿನ ಯಾವ ಬಡಾವಣೆಗಿಂತಲೂ ಹಿರಿದು. ಈ ಮೂರು ದಾರಿಗಳ ನಡುವೆ ನೆಲೆ ಕಂಡುಕೊಂಡವರು ತಮ್ಮ ಮಾತು, ಅಡುಗೆ, ದೇವರು, ಜಾತ್ರೆ ಎಲ್ಲವನ್ನೂ ಜತೆಗೆ ತಂದರು. ಹಾಗಾಗಿ ಇಲ್ಲಿ ಒಂದು ದಿನ ತಿರುಗಿದರೆ ರಾಜಧಾನಿಯ ಜತೆಗೆ ಅರ್ಧ ರಾಜ್ಯವನ್ನೂ ನೋಡಿದಂತೆ.

ಮೆಜೆಸ್ಟಿಕ್‌ನಿಂದ ಶುರು ಮಾಡೋಣ. ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಅದರ ಕೆಳಗೆ ಮೆಟ್ರೊದ ಎರಡು ಮಾರ್ಗಗಳು ಕೂಡುತ್ತವೆ. ಹಸಿರು ಮಾರ್ಗದಲ್ಲಿ ಪೀಣ್ಯದ ಕಡೆಯ ರೈಲು ಹತ್ತಿ. ಸಂಪಿಗೆ ರಸ್ತೆಯಿಂದ ಪೀಣ್ಯದವರೆಗಿನ ಈ ಭಾಗ 2014ರಲ್ಲಿ ಶುರುವಾಯಿತು. ಶ್ರೀರಾಮಪುರ, ಕುವೆಂಪು ರಸ್ತೆ, ರಾಜಾಜಿನಗರ, ಮಹಾಲಕ್ಷ್ಮಿ ಎಂದು ಒಂದೊಂದೇ ನಿಲ್ದಾಣ ದಾಟಿದ ಮೇಲೆ ಬರುವುದು ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಸೋಪಿನ ಕಾರ್ಖಾನೆಯ ಹೆಸರಿನಲ್ಲಿ ರೈಲು ನಿಲ್ದಾಣ ಇರುವ ಊರುಗಳು ಹೆಚ್ಚಿಲ್ಲ. ಇಲ್ಲಿ ಇಳಿಯಿರಿ.

ಮೈಸೂರು ಸ್ಯಾಂಡಲ್ ಸೋಪನ್ನು ಎಲ್ಲರೂ ಬಲ್ಲೆವು. ಅದರ ಹುಟ್ಟಿಗೆ ಮೊದಲ ಮಹಾಯುದ್ಧ ನೆಪವಾಯಿತು. ಯೂರೋಪಿಗೆ ಹೋಗಬೇಕಿದ್ದ ಮೈಸೂರಿನ ಶ್ರೀಗಂಧ ಯುದ್ಧದಿಂದಾಗಿ ಇಲ್ಲೇ ರಾಶಿ ಬಿತ್ತು. ಕೊರಡಿನಿಂದ ಎಣ್ಣೆ ತೆಗೆಯುವ ಕೆಲಸ ಸಂಸ್ಥಾನದಲ್ಲೇ ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಎಸ್.ಜಿ. ಶಾಸ್ತ್ರಿ ಎಂಬ ರಸಾಯನಶಾಸ್ತ್ರಜ್ಞರು ಲಂಡನ್ನಿಗೆ ಹೋಗಿ ಸೋಪು ಮಾಡುವ ವಿದ್ಯೆ ಕಲಿತು ಬಂದರು. ಹೀಗೆ ಸರ್ಕಾರಿ ಸೋಪು ಕಾರ್ಖಾನೆ ಹುಟ್ಟಿತು. ಮುಂದೆ 1957ರಲ್ಲಿ ಅದು ಈ ಜಾಗಕ್ಕೆ ಬಂತು. ಈಗ ಅಂಗಡಿಯಲ್ಲಿ ಒಂದು ಸೋಪು ಕೊಂಡು ಡಬ್ಬಿಯನ್ನು ತಿರುಗಿಸಿ ನೋಡಿ. ಒಡವೆ ಪೆಟ್ಟಿಗೆಯ ಹಾಗೆ ಕಾಣುವ ಆ ಡಬ್ಬಿಯ ಮೇಲೆ ಒಂದು ಪ್ರಾಣಿ ಇದೆ. ತಲೆ ಆನೆಯದು, ಮೈ ಸಿಂಹದ್ದು. ಅದೇ ಶರಭ. ಆನೆಯ ಬುದ್ಧಿ, ಸಿಂಹದ ಧೈರ್ಯ ಎಂಬ ಆಶಯದಿಂದ ನಮ್ಮ ಪುರಾಣದ ಪ್ರಾಣಿಯನ್ನು ಸೋಪಿನ ಮೇಲೆ ಕೂರಿಸಿದರು. ಕಾಡು, ಅರಮನೆ, ವಿಜ್ಞಾನ, ಪುರಾಣ ನಾಲ್ಕೂ ಸೇರಿದ ಈ ಬಿಲ್ಲೆಯನ್ನು ಊರಿಗೆ ಒಯ್ದರೆ ಅದಕ್ಕಿಂತ ಒಳ್ಳೆಯ ನೆನಪಿನ ಕಾಣಿಕೆ ಬೇಕಿಲ್ಲ.

ಹತ್ತಿರದಲ್ಲೇ ಗುಡ್ಡದ ಮೇಲಿನ ಇಸ್ಕಾನ್ ದೇವಸ್ಥಾನ. 1997ರಲ್ಲಿ ಆಗಿನ ರಾಷ್ಟ್ರಪತಿ ಶಂಕರ ದಯಾಳ್ ಶರ್ಮಾ ಉದ್ಘಾಟಿಸಿದ್ದು. ಶಾಲೆಯ ಮಕ್ಕಳಿಗೆ ಬಿಸಿಯೂಟ ಕೊಡುವ ಅಕ್ಷಯ ಪಾತ್ರ ಯೋಜನೆ 2000ದಲ್ಲಿ ಮೊದಲಾದದ್ದು ಇಲ್ಲಿಂದ. ಮಹಾಲಕ್ಷ್ಮಿ ಬಡಾವಣೆಯಲ್ಲಿ ಬಂಡೆಯಲ್ಲೇ ಕಡೆದ ಎತ್ತರದ ಆಂಜನೇಯ ಇದ್ದಾನೆ. ಶನಿವಾರ ಹೋದರೆ ಸಾಲು ಉದ್ದ ಇರುತ್ತದೆ, ತಿಳಿದಿರಲಿ.

ಇನ್ನು ಸ್ವಲ್ಪ ಮುಂದೆ, ಕಂಠೀರವ ಸ್ಟುಡಿಯೊ. ಗೊರಗುಂಟೆಪಾಳ್ಯ ನಿಲ್ದಾಣದಲ್ಲಿ ಇಳಿದು ಆಟೊದವರಿಗೆ "ಅಣ್ಣಾವ್ರ ಸಮಾಧಿ" ಎಂದರೆ ಸಾಕು, ವಿಳಾಸ ಬೇಡ. 2006ರ ಏಪ್ರಿಲ್ 12ರಂದು ತೀರಿಕೊಂಡ ಡಾ. ರಾಜ್‌ಕುಮಾರ್, 2017ರಲ್ಲಿ ಅವರ ಪತ್ನಿ ಪಾರ್ವತಮ್ಮನವರು, 2021ರ ಅಕ್ಟೋಬರಿನಲ್ಲಿ ಮಗ ಪುನೀತ್, ಮೂವರೂ ಇಲ್ಲೇ ಇದ್ದಾರೆ. ಅಂಬರೀಶ್ ಅವರ ಅಂತ್ಯಕ್ರಿಯೆ 2018ರಲ್ಲಿ ನಡೆದದ್ದೂ ಇದೇ ಆವರಣದಲ್ಲಿ. ಹೊಸದಾಗಿ ಮದುವೆಯಾದವರು ಹಾರ ತೆಗೆಯದೆ ಬಂದು ಇಲ್ಲಿ ಕೈ ಮುಗಿದು ಹೋಗುವುದುಂಟು. ಇದೇ ಮಾತಿಗೆ ಇನ್ನೊಂದು ಸಂಗತಿ ಸೇರಿಸಬೇಕು. ಇದೇ ಪಶ್ಚಿಮದ ತುದಿಯಲ್ಲಿ, ಕೆಂಗೇರಿ–ಉತ್ತರಹಳ್ಳಿ ರಸ್ತೆಯಲ್ಲಿ, ನಟ ಟಿ.ಎನ್. ಬಾಲಕೃಷ್ಣ ಕಟ್ಟಿದ ಅಭಿಮಾನ್ ಸ್ಟುಡಿಯೊ ಇತ್ತು. ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ನಡೆದದ್ದು ಅಲ್ಲಿ. ಆ ಸಮಾಧಿಯನ್ನು 2025ರ ಆಗಸ್ಟಿನಲ್ಲಿ ಕೆಡವಲಾಯಿತು. ಒಂದು ಸ್ಟುಡಿಯೊ ಸರ್ಕಾರದ ಸಂಸ್ಥೆಯದು, ಇನ್ನೊಂದು ಖಾಸಗಿಯವರ ಕೈಯಲ್ಲಿದ್ದದ್ದು. ನೆನಪು ಉಳಿಯುವುದಕ್ಕೆ ಅಭಿಮಾನ ಒಂದೇ ಸಾಲದು, ನೆಲದ ಪತ್ರವೂ ಸರಿಯಾಗಿರಬೇಕು ಎಂಬ ಪಾಠವನ್ನು ಈ ಎರಡು ಜಾಗಗಳು ಹೇಳುತ್ತವೆ.

ಕಂಠೀರವ ಸ್ಟುಡಿಯೊ ಕಡೆಯಿಂದ ಕಾರ್ಡ್ ರಸ್ತೆ ಹಿಡಿದು ದಕ್ಷಿಣಕ್ಕೆ ಬರೋಣ. ರಾಜಾಜಿನಗರ ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮೂಡಿದ ಬಡಾವಣೆ. ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರಿಯವರ ಹೆಸರು ಅದಕ್ಕೆ. ಮನೆಗಳ ಪಕ್ಕದಲ್ಲೇ ಕೈಗಾರಿಕೆಗಳಿಗೂ ಜಾಗ ಇಟ್ಟು ಮಾಡಿದ್ದು. ಹಗಲೆಲ್ಲ ಲೇತ್ ತಿರುಗಿಸಿದವರು ಸಂಜೆ ನವರಂಗ್ ಟಾಕೀಸಿಗೆ ಹೋಗಿ ಸಿನಿಮಾ ನೋಡಿದರು. ಈಗ ದೊಡ್ಡ ಕಾರ್ಖಾನೆಗಳ ಜಾಗದಲ್ಲಿ ಮಾಲು, ಅಪಾರ್ಟ್‌ಮೆಂಟುಗಳು ಎದ್ದಿವೆ. ಆದರೆ ಕಾಮಾಕ್ಷಿಪಾಳ್ಯದ ಕಡೆ ಒಳರಸ್ತೆಗೆ ಹೋದರೆ ಅರ್ಧ ಷಟರ್ ಎತ್ತಿದ ವರ್ಕ್‌ಶಾಪುಗಳಲ್ಲಿ ಇನ್ನೂ ಕಬ್ಬಿಣ ಕೊರೆಯುವ ಸದ್ದು ಕೇಳುತ್ತದೆ.

ಕಾರ್ಡ್ ರಸ್ತೆಯ ಪಶ್ಚಿಮಕ್ಕೆ ಬಸವೇಶ್ವರನಗರ. ಇಲ್ಲಿ ನೋಡಲು ದೊಡ್ಡ ಸ್ಮಾರಕ ಇಲ್ಲ. ನೆರಳಿನ ರಸ್ತೆ, ಮನೆ ಮುಂದೆ ರಂಗೋಲಿ, ಪಾರ್ಕಿನ ಬೆಂಚಿನ ಮೇಲೆ ಪೇಪರ್ ಹಂಚಿಕೊಂಡು ಓದುವ ನಿವೃತ್ತರು. ಆದರೆ ಎರಡು ಹೆಸರುಗಳನ್ನು ನೋಡಿ ಮುಂದೆ ಹೋಗಿ. ಒಂದು ಹಾವನೂರು ಸರ್ಕಲ್. ದೇವರಾಜ ಅರಸರು 1972ರಲ್ಲಿ ನೇಮಿಸಿದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರು ಎಲ್.ಜಿ. ಹಾವನೂರು, 1975ರ ಅವರ ವರದಿ ರಾಜ್ಯದ ಓದು, ನೌಕರಿ, ರಾಜಕಾರಣ ಮೂರನ್ನೂ ಬದಲಿಸಿತು. ಇನ್ನೊಂದು ಡಾ. ಎಂ.ಸಿ. ಮೋದಿ ಆಸ್ಪತ್ರೆ. ಬೀಳಗಿಯಲ್ಲಿ ಹುಟ್ಟಿ, ಊರೂರಿಗೆ ಶಸ್ತ್ರಚಿಕಿತ್ಸೆಯ ಶಿಬಿರ ಒಯ್ದ ಕಣ್ಣಿನ ವೈದ್ಯರು ಅವರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ಪುಸ್ತಕದಲ್ಲಿ ದಾಖಲಾಗಿದೆ. ಸಮಾನತೆ ಸಾರಿದ ಬಸವಣ್ಣನವರ ಹೆಸರಿನ ನಗರದ ಆಸುಪಾಸಿನಲ್ಲಿ ಈ ಇಬ್ಬರ ಹೆಸರು ಇರುವುದು ಒಪ್ಪುವ ಮಾತು.

ಈಗ ಹೊಟ್ಟೆಯ ವಿಚಾರ. ಈ ಭಾಗದ ಯಾವ ದರ್ಶಿನಿಗೆ ಬೇಕಾದರೂ ನುಗ್ಗಿ. ಟೋಕನ್ ತಗೊಂಡು, ನಿಂತೇ ತಿಂದು, ಕೊನೆಗೆ ಬೈಟು ಕಾಫಿ ಕುಡಿದರೆ ತಿಂಡಿ ಮುಗಿಯಿತು. ಖಾರಾಬಾತು, ಕೇಸರಿಬಾತು ಎರಡೂ ಬೇಕೆಂದರೆ ಚೌಚೌಬಾತ್ ಅನ್ನಿ. ಮಧ್ಯಾಹ್ನಕ್ಕೆ ಮಾಗಡಿ ರಸ್ತೆ, ಮೈಸೂರು ರಸ್ತೆಯ ಆಸುಪಾಸಿನಲ್ಲಿ ಮುದ್ದೆ ಊಟದ ಹೋಟೆಲುಗಳಿಗೆ ಕೊರತೆ ಇಲ್ಲ: ಸೊಪ್ಪಿನ ಸಾರೂ ಉಂಟು, ಬಾಡಿನ ಸಾರೂ ಉಂಟು.

ಡಿಸೆಂಬರ್, ಜನವರಿಯಲ್ಲಿ ಬಂದರೆ ವಿಜಯನಗರದ ಮಾರ್ಕೆಟ್ಟಿಗೆ ಬೆಳಿಗ್ಗೆಯೇ ಹೋಗಿ. ಮಾಗಡಿ ಕಡೆಯ ಸೊಗಡು ಅವರೆ ಮೂಟೆಗಟ್ಟಲೆ ಬಂದು ಬಿದ್ದಿರುತ್ತದೆ. ಕೊಳ್ಳುವವರು ಕಾಯಿಯನ್ನು ಮೂಗಿನ ಹತ್ತಿರ ಹಿಡಿದು ಮೂಸುತ್ತಾರೆ. ಬೆರಳಿಗೆ ಅಂಟು ಹತ್ತಿದರೆ, ಘಮ ಬಂದರೆ ಮಾತ್ರ ತಕ್ಕಡಿಗೆ. "ಸೊಗಡಿದೆಯೇನಮ್ಮ?" ಎಂದು ಕೇಳಿದರೆ, "ಮೂಸಿ ನೋಡಕ್ಕ, ನಮ್ಮ ಹೊಲದ್ದೇಯ" ಎಂಬ ಉತ್ತರ ಬರುತ್ತದೆ. ಪಕ್ಕದಲ್ಲೇ ಬಿಡಿಸಿದ ಕಾಳು, ಅದರ ಪಕ್ಕದಲ್ಲಿ ನೆನೆಸಿ ಸಿಪ್ಪೆ ತೆಗೆದ ಹಿತಕಿದ ಬೇಳೆ. ನೆನೆದ ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಬೇಳೆ ಪುಟಕ್ಕನೆ ಹಾರುತ್ತದೆ. ಸಂಜೆ ಟಿ.ವಿ. ಮುಂದೆ ಕೂತು ಮನೆಮಂದಿಯೆಲ್ಲ ಹಿತಕುವುದು ಈ ಬಡಾವಣೆಗಳ ಚಳಿಗಾಲದ ದೊಡ್ಡ ಕಾರ್ಯಕ್ರಮ. ಈ ಎರಡು ತಿಂಗಳು ಉಪ್ಪಿಟ್ಟು, ರೊಟ್ಟಿ, ಸಾರು, ಹುಳಿ ಎಲ್ಲದರಲ್ಲೂ ಅವರೆಕಾಳೇ.

ನವೆಂಬರಿನಲ್ಲಿ ಬಂದರೆ ಇನ್ನೊಂದು ಸಂಭ್ರಮ. ರಾಜ್ಯೋತ್ಸವಕ್ಕೆ ಇಲ್ಲಿ ಒಂದನೇ ತಾರೀಖು ಬರೀ ಆರಂಭ. ತಿಂಗಳಿಡೀ ಆಟೊ ಸ್ಟ್ಯಾಂಡುಗಳಲ್ಲಿ ಭುವನೇಶ್ವರಿಯ ಪಟ, ಆರ್ಕೆಸ್ಟ್ರಾ, ಅನ್ನದಾನ. ಮ. ರಾಮಮೂರ್ತಿಯವರು ರೂಪಿಸಿದ ಅರಿಸಿನ ಕುಂಕುಮದ ಬಾವುಟ ಪ್ರತಿ ತಿರುವಿನಲ್ಲೂ ಹಾರುತ್ತದೆ.

ಇನ್ನು ನೇರಳೆ ಮಾರ್ಗ ಹತ್ತೋಣ. ಮೆಜೆಸ್ಟಿಕ್‌ನಿಂದ ಕೆಂಗೇರಿಯ ಕಡೆಗೆ ಹೊರಟ ರೈಲು ಸಿಟಿ ರೈಲು ನಿಲ್ದಾಣ ದಾಟಿದ ಮೇಲೆ ಸುರಂಗ ಬಿಟ್ಟು ಮೇಲೇರಿ ಮಾಗಡಿ ರಸ್ತೆಯ ಬೆಳಕಿಗೆ ಬರುತ್ತದೆ. ಈ ಸುತ್ತಿನದು ಗಿರಣಿಗಳ ನಾಡು. ಬಿನ್ನಿ ಮಿಲ್ ಇದ್ದದ್ದು ಇಲ್ಲಿ, ಮಿನರ್ವ ಮಿಲ್ ಇದ್ದದ್ದು ಗೋಪಾಲಪುರದಲ್ಲಿ. ಬಟ್ಟೆ ನೇಯುತ್ತಿದ್ದ ಮಿನರ್ವ ಮಿಲ್ ದೇಶದ ಕಾನೂನಿನ ಇತಿಹಾಸವನ್ನೂ ಸೇರಿತು. ಸರ್ಕಾರ ಗಿರಣಿಯನ್ನು ವಹಿಸಿಕೊಂಡದ್ದರ ವಿರುದ್ಧ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1980ರ ತೀರ್ಪಿನಲ್ಲಿ ನ್ಯಾಯಾಲಯವು 42ನೇ ತಿದ್ದುಪಡಿಯ ಮುಖ್ಯ ಭಾಗಗಳನ್ನು ತೆಗೆದುಹಾಕಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಅಳಿಸುವಂತಿಲ್ಲ ಎಂದು ಮತ್ತೆ ಹೇಳಿತು. ಆ ಪ್ರಕರಣವನ್ನು ಇಂದು ಓದುವ ವಿದ್ಯಾರ್ಥಿಗಳ ಹೆಸರಾಂತ ಶಾಲೆಯೂ ಇದೇ ದಿಕ್ಕಿನಲ್ಲಿದೆ: ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ. ಅದರ ಬಳಿಯೇ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ.

ಮುಂದೆ ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆ. ಸೀರೆ ಅಂಗಡಿ, ಪಾತ್ರೆ ಅಂಗಡಿ, ಹೂವಿನ ಗಾಡಿ, ಮಾರುತಿ ಮಂದಿರದ ಗಂಟೆ. ಒಳಗೆ ಹಂಪಿನಗರದಲ್ಲಿ ಪಶ್ಚಿಮ ವಲಯದ ಕೇಂದ್ರ ಗ್ರಂಥಾಲಯ ಇದೆ. ಹೊಕ್ಕು ನೋಡಿ: ಕೆ.ಎ.ಎಸ್., ಪಿ.ಎಸ್.ಐ., ಎಫ್.ಡಿ.ಎ. ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರು ತಲೆ ಎತ್ತದೆ ಕೂತಿರುತ್ತಾರೆ. ರಾಯಚೂರು, ಕಲಬುರಗಿ, ವಿಜಯಪುರ, ಕೊಪ್ಪಳದಿಂದ ಬಂದು ಈ ಸುತ್ತಿನ ಪಿ.ಜಿ.ಗಳಲ್ಲಿ ಇದ್ದು ಓದುವವರು ಬಹಳ. ವಿಜಯನಗರದಲ್ಲಿ ಜೋಳದ ರೊಟ್ಟಿಯ ಖಾನಾವಳಿಗಳು ಇಷ್ಟೊಂದು ಯಾಕೆ ಎಂದು ಬೇರೆ ಹೇಳಬೇಕಾಗಿಲ್ಲ.

ಈ ದಾರಿಯ ಒಂದು ಕಹಿ ಸತ್ಯವನ್ನೂ ಹೇಳಿಬಿಡಬೇಕು. ಮೈಸೂರು ರಸ್ತೆಯ ಪಕ್ಕದಲ್ಲಿ ಹರಿಯುವ ಕಪ್ಪು ನೀರನ್ನು ಮೋರಿ ಎಂದು ತಿಳಿಯಬೇಡಿ. ಅದು ವೃಷಭಾವತಿ ನದಿ. ಇದೇ ಊರಿನಲ್ಲಿ ಹುಟ್ಟಿ, ಗಾಳಿ ಆಂಜನೇಯನ ಗುಡಿಯ ಬದಿಯಿಂದ ಹಾದು, ಕೆಂಗೇರಿ ದಾಟಿ, ಬೈರಮಂಗಲ ಕೆರೆಗೆ ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ನಮಗೆ ಕುಡಿಯುವ ನೀರು ಕಾವೇರಿಯಿಂದ ಬರುತ್ತದೆ. ನಾವು ಅದಕ್ಕೆ ಹಿಂದಿರುಗಿಸುವುದು ಇದನ್ನು. ಮೂಗು ಮುಚ್ಚಿಕೊಂಡಾದರೂ ನೆಂಟರಿಗೆ ಇದನ್ನು ತೋರಿಸಬೇಕು. ಊರಿನ ಪರಿಚಯ ಅಂದ ಮೇಲೆ ಅದರ ತಪ್ಪೂ ಗೊತ್ತಾಗಬೇಕಲ್ಲ.

ಜ್ಞಾನಭಾರತಿಯಲ್ಲಿ ಇಳಿದರೆ ಗಾಳಿ ಬೇರೆಯಾಗುತ್ತದೆ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯದ ಈ ಆವರಣ ಸಾವಿರ ಎಕರೆಗೂ ಹೆಚ್ಚು. ಬೆಳಗಿನ ಹೊತ್ತು ನಡೆಯುವವರಿಗೆ, ಹಕ್ಕಿ ನೋಡುವವರಿಗೆ ಇದು ಮೆಚ್ಚಿನ ಜಾಗ. ಇಲ್ಲಿನ ಕನ್ನಡ ಅಧ್ಯಯನ ಕೇಂದ್ರವನ್ನು ಬೆಳೆಸಿದವರು ಜಿ.ಎಸ್. ಶಿವರುದ್ರಪ್ಪನವರು. ಪಕ್ಕದ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ 2013ರ ಡಿಸೆಂಬರಿನಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು. 2014ರ ಆಗಸ್ಟಿನಲ್ಲಿ ಯು.ಆರ್. ಅನಂತಮೂರ್ತಿಯವರದೂ ಅಲ್ಲೇ. ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರವೂ ಕಲಾಗ್ರಾಮದಲ್ಲಿದೆ. ಅಲ್ಲಿನ ಸಮುಚ್ಚಯ ಭವನದಲ್ಲಿ ಸಂಜೆ ನಾಟಕ ಇದ್ದರೆ ಬಿಡಬೇಡಿ.

ಈ ಪಶ್ಚಿಮದ ಕಥೆಯನ್ನು ಒಬ್ಬರ ಬದುಕಿನಲ್ಲೇ ಓದಬೇಕೆಂದರೆ ಕವಿ ಸಿದ್ಧಲಿಂಗಯ್ಯನವರನ್ನು ನೆನೆಯಬೇಕು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಅವರು, ಕೂಲಿ ಮಾಡುವ ಹೆತ್ತವರ ಜತೆ ಬೆಂಗಳೂರಿಗೆ ಬಂದು ಶ್ರೀರಾಮಪುರದಲ್ಲಿ ಬೆಳೆದರು. 1975ರಲ್ಲಿ 'ಹೊಲೆ ಮಾದಿಗರ ಹಾಡು' ಬಂತು. ಕನ್ನಡ ಕಾವ್ಯ ಅದರಿಂದ ಬೆಚ್ಚಿತು, ಬೆಳೆಯಿತು. ಮುಂದೆ ಇದೇ ಜ್ಞಾನಭಾರತಿಯಲ್ಲಿ ಕನ್ನಡದ ಪ್ರಾಧ್ಯಾಪಕರಾದರು. ಅವರ ಆತ್ಮಕಥೆ 'ಊರು ಕೇರಿ'ಯನ್ನು ಈ ಪ್ರವಾಸಕ್ಕೆ ಮೊದಲು ಓದಿಕೊಳ್ಳಿ. ಮಾಗಡಿಯ ಹಳ್ಳಿಯಿಂದ ರಾಜಧಾನಿಯ ವಿಶ್ವವಿದ್ಯಾಲಯದವರೆಗಿನ ದಾರಿ ಎಷ್ಟು ಹತ್ತಿರ, ಎಷ್ಟು ದೂರ ಎಂಬುದು ಅದರಲ್ಲಿ ಗೊತ್ತಾಗುತ್ತದೆ.

ಕೊನೆಗೆ ಕೆಂಗೇರಿ. ಮೆಟ್ರೊ ಇಲ್ಲಿಗೆ ಬಂದದ್ದು 2021ರ ಆಗಸ್ಟಿನಲ್ಲಿ, ಚಲ್ಲಘಟ್ಟಕ್ಕೆ ಮುಂದುವರಿದದ್ದು 2023ರಲ್ಲಿ. ಒಂದು ಕಾಲಕ್ಕೆ ಮೈಸೂರು ಕಡೆಯಿಂದ ಬರುವವರಿಗೆ ಕೆಂಗೇರಿ ಕಂಡರೆ ಬೆಂಗಳೂರು ಇನ್ನೇನು ಬಂತು ಎಂದು ಚೀಲ ಜೋಡಿಸುವ ಹೊತ್ತು. ಈಗ ಕೆಂಗೇರಿಯೇ ಬೆಂಗಳೂರು. ಹಳೆಯ ಪೇಟೆಯ ಬೀದಿಗಳಲ್ಲಿ ಊರಿನ ಹಳ್ಳಿತನ ಪೂರಾ ಹೋಗಿಲ್ಲ. ಉಪನಗರದ ಕಡೆ ಅಪಾರ್ಟ್‌ಮೆಂಟುಗಳು ಸಾಲಾಗಿ ನಿಂತಿವೆ. ಹೊತ್ತಿದ್ದರೆ ಮೈಸೂರು ರಸ್ತೆಯಿಂದ ಬಲಕ್ಕೆ ತಿರುಗಿ ರಾಮೋಹಳ್ಳಿಯ ಬಳಿಯ ಕೇತೋಹಳ್ಳಿಗೆ ಹೋಗಿ, ದೊಡ್ಡ ಆಲದ ಮರ ನೋಡಿ. ಸುಮಾರು ನಾನೂರು ವರ್ಷದ್ದು ಎನ್ನುತ್ತಾರೆ. ಮೂರು ಎಕರೆಯಷ್ಟು ಹರಡಿದೆ. ತಾಯಿ ಕಾಂಡ ರೋಗ ತಗುಲಿ ಎಂದೋ ಹೋಯಿತು. ಬಿಳಲುಗಳೇ ಕಾಂಡಗಳಾಗಿ ನಿಂತಿವೆ. ತಟ್ಟೆ ಇಡ್ಲಿ ಬೇಕೆಂದರೆ ಅದೇ ಮೈಸೂರು ರಸ್ತೆಯಲ್ಲಿ ಇನ್ನೂ ಸ್ವಲ್ಪ ಮುಂದೆ ಬಿಡದಿ ಇದೆ.

ಹೊರಡುವವರಿಗೆ ನಾಲ್ಕು ಮಾತು. ಭಾನುವಾರಕ್ಕಿಂತ ಕೆಲಸದ ದಿನ ಬನ್ನಿ. ಈ ಬಡಾವಣೆಗಳು ದುಡಿಯುವುದನ್ನು ನೋಡುವುದೇ ಚೆಂದ. ಬೆಳಿಗ್ಗೆ ಹಸಿರು ಮಾರ್ಗ, ಮಧ್ಯಾಹ್ನದ ಮೇಲೆ ನೇರಳೆ ಮಾರ್ಗ ಇಟ್ಟುಕೊಳ್ಳಿ. ಕಾರು ಬೇಡ, ಮೆಟ್ರೊ, ಬಿ.ಎಂ.ಟಿ.ಸಿ. ಬಸ್ಸು, ಸ್ವಲ್ಪ ನಡಿಗೆ ಸಾಕು. ಗೈಡೂ ಬೇಡ. ದಾರಿ ತಿಳಿಯದಿದ್ದರೆ ಯಾರನ್ನಾದರೂ ಕನ್ನಡದಲ್ಲೇ ಕೇಳಿ. ದಾರಿ ಹೇಳುವುದರ ಜತೆಗೆ ನಿಮ್ಮದು ಯಾವೂರು ಎಂದೂ ವಿಚಾರಿಸುತ್ತಾರೆ. ಬೇಸರಿಸದೆ ಉತ್ತರ ಹೇಳಿ, ಅವರ ಊರು ಯಾವುದೆಂದು ನೀವೂ ಕೇಳಿ.